ಅಮ್ಮನ ಕಡೆಯ ಬಿಸಿರಕ್ತ

ಮೊದಲ ಹೆರಿಗೆಗೆಂದು ನಾನು ಶ್ರೀನಿವಾಸಪುರದ ತವರಿಗೆ ಬಂದಾಗ ಮಾವಿನಕಾಯಿ ಇನ್ನೂ ಬಲಿಯುತ್ತಿತ್ತು. ಅಮ್ಮ ಹೋಳುಗಳಿಗೆ ಉಪ್ಪು ಬೆರೆಸಿ ಬಿಸಿಲಿಗೆ ಹರವುತ್ತ, ಆಗಾಗ ನಿಂತು ತಲೆಯ ಹಿಂಭಾಗವನ್ನು ಒತ್ತಿಕೊಳ್ಳುತ್ತಿದ್ದಳು. ಮುಖ ಕೆಂಪೇರುತ್ತಿತ್ತು.

“ಉಷ್ಣ ಕಣೇ,” ಎಂದು ಉಪ್ಪು ಜಾಸ್ತಿ ಹಾಕಿದ ಮಜ್ಜಿಗೆ ಕುಡಿಯುವಳು.

ಅವಳ ತವರು ಮುಳಬಾಗಿಲಿನಲ್ಲಿ ಎಲ್ಲರ ಮದ್ದೂ ಅದೇ. ತಾತ ತೋಟದಲ್ಲೇ ಕುಸಿದು ತೀರಿಕೊಂಡಿದ್ದರು. ಸೋದರಮಾವನ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮುಂಗೋಪಿಗಳು, ಬಿಸಿರಕ್ತದವರು ಎಂದು ನಮ್ಮಪ್ಪ ಹೇಳಿ ಮುಗಿಸುತ್ತಿದ್ದರು.

ಒಂದು ಬೆಳಿಗ್ಗೆ ಅಮ್ಮನ ಮೂಗಿನಿಂದ ಸುರಿದ ರಕ್ತ ನಿಲ್ಲಲೇ ಇಲ್ಲ. ಅಪ್ಪ ಕೋಲಾರದಿಂದ ಡಾಕ್ಟರನ್ನು ಕರೆತರುವ ಹೊತ್ತಿಗೆ ಸೆರಗೆಲ್ಲ ನೆನೆದಿತ್ತು. ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು; ಗಾಜಿನ ಕೊಳವೆಯಲ್ಲಿ ಪಾದರಸ ಏರಿತು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಅದನ್ನು ತಟ್ಟೆಯಲ್ಲಿ ಉರುಳಿಸಿ ತೋರಿಸಿದ್ದಾಗ ನಾವೆಲ್ಲ ನಕ್ಕಿದ್ದೆವು.

“ರಕ್ತದ ಒತ್ತಡ ತುಂಬ ಇದೆ. ಉಪ್ಪು ಬಿಡಬೇಕಮ್ಮ.”

“ನಾನೇನು ವ್ರತ ಹಿಡಿದಿದ್ದೀನಾ ಡಾಕ್ಟರೇ?”

ತಾತನ, ಮಾವನ ವಿಷಯ ಕೇಳಿಕೊಂಡು ಅವರು ನಿಧಾನವಾಗಿ ಹೇಳಿದರು: “ಕೋಪ ಅಲ್ಲ, ಇದು ವಂಶದಲ್ಲಿ ಇಳಿದು ಬರೋದು. ಒಬ್ಬರಿಗೆ ಬರುತ್ತೆ, ಒಬ್ಬರನ್ನ ಬಿಡುತ್ತೆ. ಇದಕ್ಕೇ ಅಂತ ಒಳ್ಳೆ ಔಷಧಿ ಇನ್ನೂ ಬಂದಿಲ್ಲ.”

ಎದ್ದವರ ಕಣ್ಣು ನನ್ನ ಪಾದದ ಮೇಲೆ ಬಿತ್ತು. ಕಾಲುಂಗುರ ಊದಿದ ಬೆರಳಲ್ಲಿ ಹೂತಿತ್ತು. ನನ್ನನ್ನೂ ಕೂರಿಸಿ ಪಟ್ಟಿ ಸುತ್ತಿದರು. ನೋಡಿ, ಮತ್ತೊಮ್ಮೆ ಗಾಳಿ ಒತ್ತಿದರು.

“ಅವಳಿಗೂನಾ?” ಅಮ್ಮ ಕೇಳಿದಳು.

“ಹೆಚ್ಚಿದೆ. ಬಸುರಿನಿಂದ ಇರಬಹುದು, ನಿಮ್ಮ ಕಡೆಯಿಂದಲೂ ಇರಬಹುದು. ಉಪ್ಪು ಕಡಿಮೆ ಮಾಡಿ, ಮಲಗಿರಲಿ. ಹೆರಿಗೆಗೆ ಆಸ್ಪತ್ರೆಗೇ ಕರ್ಕೊಂಡು ಬನ್ನಿ. ತಾಯಿ ಮಗು ಇಬ್ಬರಿಗೂ ಕಷ್ಟ ಆಗಬಹುದು.”

“ನಾನು ಇವಳಿಗೆ ಕೊಟ್ಟಿದ್ದು ಎರಡು ಜೊತೆ ಬಳೆ, ಒಂದು ಸರ. ಇದನ್ನ ಯಾವಾಗ ಕೊಟ್ಟೆ?”

ಡಾಕ್ಟರು ರಬ್ಬರು ಕೊಳವೆಯನ್ನು ಸುತ್ತುತ್ತಲೇ ಇದ್ದರು.

ಮಧ್ಯಾಹ್ನ ಅಮ್ಮ ಇಬ್ಬರಿಗೂ ಸಪ್ಪೆ ಸಾರು ಬಡಿಸಿದಳು. ನನ್ನನ್ನೇ ನೋಡುತ್ತ ಒಂದೊಂದು ತುತ್ತನ್ನೂ ಕಷ್ಟಪಟ್ಟು ನುಂಗಿದಳು. ಊಟವಾದ ಮೇಲೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಮಗು ಒದ್ದಿತು. ತಟ್ಟನೆ ಕೈ ತೆಗೆದಳು.

“ಮಾಲೂರಿನವರು ಹೇಗೆ? ನಿಮ್ಮತ್ತೆ ಮಾವ ಗಟ್ಟಿಯಾಗಿದ್ದಾರಾ?”

ಬೀಗರ ಬಗ್ಗೆ ಅದುವರೆಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ.

“ಗಟ್ಟಿಯಾಗಿದ್ದಾರಮ್ಮ,” ಎಂದೆ. ನನಗೇನು ಗೊತ್ತಿತ್ತು?

“ಮಗು ಅವರನ್ನೇ ಹೋಲಲಿ,” ಎಂದಳು.