ಇಪ್ಪತ್ತು ಸಾವಿರ ಗಿರಾಕಿಗಳ ಈರಣ್ಣ

ಈರಣ್ಣನವರು ಲೈವ್ ಶುರುಮಾಡುವ ಮುಂಚೆ ಮೊಬೈಲಿನ ಎದುರು ಒಂದು ತಂಬಿಗೆ ನೀರು ಇಡುತ್ತಿದ್ದರು. ಕುಡಿಯುವವರು ಯಾರು ಅಂತ ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ. “ಅಂಗಡಿಗೆ ಬಂದವ್ರಿಗೆ ಮೊದಲ ನೀರು, ಆಮ್ಯಾಲೆ ಮಾಲು. ಮೊಬೈಲ್‌ನ್ಯಾಗ ಬಂದ್ರ ಮಂದಿಗೆ ನೀರಡಿಕಿ ಆಗೂದಿಲ್ಲೇನ್ರಿ ಅಕ್ಕಾರ?”

ಪುಣೆಯ ಸದಾಶಿವ ಪೇಠದಲ್ಲಿ, ಹತ್ತಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯ ಬಾಗಿಲಿಗೆ ಅಂಟಿಕೊಂಡಂತೆ ಅವರ ಅಂಗಡಿ ಇತ್ತು. ನಾಲ್ಕು ಜನ ನಿಂತರೆ ಐದನೆಯವರು ರಸ್ತೆಯಲ್ಲಿ. ಅಲ್ಲಿ ಮಾರುತ್ತಿದ್ದುದು ಒಂದೇ ಒಂದು, ಗುಳೇದಗುಡ್ಡದ ಖಣ, ಅಂದರೆ ಕೈಮಗ್ಗದ ರವಿಕೆ ಬಟ್ಟೆ. ತಂಗಿ ನೀಲವ್ವ ಊರಿನಲ್ಲಿ ನೇಯ್ದು ಕಳಿಸಬೇಕು, ಅಣ್ಣ ಇಲ್ಲಿ ಕೂತು ಮಾರಬೇಕು. ಮೂವತ್ತು ವರ್ಷದಿಂದ ಹಾಗೇ ನಡೆದಿತ್ತು. ಈಚೆಗೆ ಮಾತ್ರ, ನೀಲವ್ವ ನೇಯುತ್ತಲೇ ಇದ್ದರೂ, ಅಂಗಡಿಗೆ ಯಾರೂ ಬರುತ್ತಿರಲಿಲ್ಲ.

ನಾನು ಮಂಡ್ಯದವಳು. ಪುಣೆ ಅಂಚಿನ ಹಿಂಜವಾಡಿಯ ಒಂದು ಕಂಪನಿಯಲ್ಲಿ, ಸೋಷಿಯಲ್ ಮೀಡಿಯಾದಲ್ಲಿ ಕಂಡವರ ಸರಕಿಗೆ ಹೆಸರು ತಂದುಕೊಡುವುದೇ ನನ್ನ ಕೆಲಸ. ಶಾಂಪೂ, ಸಿಮೆಂಟು ಎರಡನ್ನೂ ಒಂದೇ ಬಾಯಲ್ಲಿ ಹೊಗಳಿ ಅಭ್ಯಾಸವಿದೆ. ಗೆಳತಿಯ ಸೀಮಂತಕ್ಕೆ ಖಣ ಹುಡುಕಿಕೊಂಡು ಹೋಗಿ ಮರಾಠಿಯಲ್ಲಿ ತಡವರಿಸುತ್ತಿದ್ದಾಗ ಈರಣ್ಣನವರು ಕೈ ಅಡ್ಡ ಹಿಡಿದರು. “ಕನ್ನಡದಾಗ ಮಾತಾಡ್ರಿ ಅಕ್ಕಾರ. ನಿಮ್ಮ ಮರಾಠಿ ಕೇಳಿ ನಂದೂ ಕೆಟ್ಟೀತು.” ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ನಗು ಬಂತು. ಅದೇ ವಾರ ಅವರಿಗೊಂದು ಪೇಜ್ ಮಾಡಿಕೊಟ್ಟು, ಅದರಲ್ಲಿ ಲೈವ್ ವೀಡಿಯೊ ಹಾಕುವುದನ್ನು ಕಲಿಸಿದೆ.

ಬೆಲೆ ಬಹಿರಂಗವಾಗಿ ಹೇಳಬೇಡಿ, ಕೇಳಿದವರಿಗೆ ಮೆಸೇಜಿನಲ್ಲಿ ಬೇರೆಯಾಗಿ ತಿಳಿಸಿ ಎಂದೆ. ಇದು ನಮ್ಮ ಕಸುಬಿನ ಮೊದಲ ಪಾಠ. ಈರಣ್ಣನವರ ಹುಬ್ಬು ಮೇಲೇರಿತು. “ಎತ್ತಿನ ಸಂತ್ಯಾಗ ಟವೆಲ್ ಒಳಗ ಬೆರಳ ಹಿಡದು ಬೆಲಿ ಹೇಳ್ತಾರ್ರಿ. ಅಲ್ಲಿ ಮುಚ್ಚೂದು ಏನರ ಇರ್ತದ. ಖಣದಾಗ ಏನ್ ಮುಚ್ಚಲಿ?” ಅಂದವರು, ಬೆಲೆ ಬರೆದ ರಟ್ಟನ್ನು ಕುತ್ತಿಗೆಗೆ ಕಟ್ಟಿಕೊಂಡು ಲೈವ್‌ಗೆ ಕೂತರು.

ಲೈವ್ ಅಂದರೆ ಅವರಿಗೆ ಅಂಗಡಿಯೇ. ತೆರೆಯ ಮೇಲೆ ಯಾರದಾದರೂ ಹೆಸರು ಮೂಡಿದರೆ ಸಾಕು, ಕೈಯಲ್ಲಿದ್ದ ಖಣ ಕೆಳಗಿಟ್ಟು, “ಯಾ ಯಾ ಸುಜಾತಾತಾಈ, ಬಸಾ!” ಎಂದು ಮರಾಠಿಯಲ್ಲಿ ಕರೆದು ಕೂರಿಸುವರು. ಹೆಸರು ಮರೆಯಾದರೆ ಗಾಬರಿ. “ಯಾಕ ಹೊಂಟ್ರು ಅಕ್ಕಾರ? ನಾ ಏನರ ಅಂದೆನೇನು?” ಒಂದು ಗಂಟೆಯ ಲೈವಿನಲ್ಲಿ ಮುಕ್ಕಾಲು ಗಂಟೆ ಯೋಗಕ್ಷೇಮ. ಯಾರ ಮಗಳಿಗೆ ಎಷ್ಟನೇ ತಿಂಗಳು, ಯಾರ ಅತ್ತೆಗೆ ಮೊಣಕಾಲು ನೋವು, ಎಲ್ಲವನ್ನೂ, ಫೋನ್ ನಂಬರಿನ ಸಮೇತ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಖಣದ ವಿಷಯ ಮಾತಾಡಿ ಅಂತ ನಾನು ಕ್ಯಾಮೆರಾ ಹಿಂದೆ ನಿಂತು ಕೈಸನ್ನೆ ಮಾಡಿ ಸೋತುಹೋದೆ.

ಒಂದು ಭಾನುವಾರ ಮಧ್ಯಾಹ್ನ ನನ್ನಿಂದ ಒಂದು ಅಚಾತುರ್ಯವಾಯಿತು. ಲೈವ್ ಬೇರೆಯವರಿಗೆ ಹೇಗೆ ಕಾಣುತ್ತದೆಂದು ನೋಡಲು, ಅಂದು ಮನೆಯಲ್ಲೇ ಕೂತು ನನ್ನ ಎರಡನೇ ಫೋನಿನಿಂದ ‘ಸ್ವೀಟಿ’ ಎಂಬ ಸುಳ್ಳು ಹೆಸರಿನಲ್ಲಿ ಸೇರಿದ್ದೆ. ಆ ಫೋನನ್ನು ಚಾರ್ಜಿಗೆ ಹಾಕಿ, ಮರೆತು, ಗೆಳತಿಯ ಮನೆಗೆ ಹೋಗಿಬಿಟ್ಟೆ. ನಾಲ್ಕು ಗಂಟೆಗೆ ಬಂದು ನೋಡಿದರೆ ಹನ್ನೆರಡಕ್ಕೆ ಶುರುವಾದ ಲೈವ್ ಇನ್ನೂ ನಡೆಯುತ್ತಿದೆ! ಸದಾಶಿವ ಪೇಠದಲ್ಲಿ ಒಂದರಿಂದ ನಾಲ್ಕು ಅಂಗಡಿಯವರು ಮಲಗುವ ಹೊತ್ತು; ಆಗ ಬಾಗಿಲು ತೆರೆದಿದ್ದರೆ ಒಳಗೆ ಕಳ್ಳ ಹೊಕ್ಕಿದ್ದಾನೆಂದೇ ಲೆಕ್ಕ. ಅಂಗಡಿಗೆ ಓಡಿದೆ. ಈರಣ್ಣನವರು ಊಟವಿಲ್ಲದೆ, ಗಂಟಲು ಕಟ್ಟಿ, ಮೊಬೈಲಿಗೆ ನೂರನೆಯದೋ ಏನೋ ಖಣ ತೋರಿಸುತ್ತಿದ್ದರು. ನನ್ನನ್ನು ಕಂಡವರೇ ಪಿಸುಗುಟ್ಟಿದರು: “ಸ್ವೀಟಿ ಅಕ್ಕಾರ ಒಬ್ರ ಕುಂತಾರ. ಗಿರಾಕಿ ಒಳಗ ಇರಬೇಕಾದ್ರ ಕದಾ ಹೆಂಗ ಹಾಕೂದು? ಭಾಳ ಸಮಾಧಾನದ ಹೆಣ್ಮಗಳು ನೋಡ್ರಿ, ಒಂದ ಮಾತಿಲ್ಲ.”

ಸ್ವೀಟಿ ನಾನೇ ಅಂತ ಹೇಳುವ ಧೈರ್ಯ ಬರಲಿಲ್ಲ. ಮನೆಗೆ ಬಂದು ಸ್ವೀಟಿಯನ್ನು ಲೈವಿನಿಂದ ಎಬ್ಬಿಸಿ, ಆ ನಾಲ್ಕು ಗಂಟೆಯ ವೀಡಿಯೊ ಹಾಕಿ ನೋಡಿದೆ. ಮೂರನೇ ಗಂಟೆಯಲ್ಲಿ ಖಣಗಳನ್ನೆಲ್ಲ ಒಂದು ಸುತ್ತು ತೋರಿಸಿ ಮುಗಿಸಿ, ಈರಣ್ಣನವರು ನನಗೆ ಎಂದೂ ಹೇಳದಿದ್ದನ್ನು ಸ್ವೀಟಿಗೆ ಹೇಳಿದ್ದರು. “ನಿಮಗ ಅಂತ ಹೇಳ್ತೀನ್ರಿ ಸ್ವೀಟಿ ಅಕ್ಕಾರ. ನಮ್ಮ ನೀಲವ್ವನ ಮಗ ಮಗ್ಗ ಬಿಚ್ಚಿ ಅಲ್ಲೆ ಝೆರಾಕ್ಸ್ ಅಂಗಡಿ ಇಡ್ತೀನಂತಾನ. ಈ ಮಾಲು ಹೋದ್ರ ಮಗ್ಗ ಉಳೀತದ. ಇಲ್ಲಂದ್ರ ದಸರಾಕ್ಕ ಬಿಚ್ಚತಾರ. ಗಂಡ ಹ್ವಾದ ಮ್ಯಾಲೆ ಅಕಿ ಆ ಮಗ್ಗದ ಮುಂದ ಕುಂತ ಬದುಕ್ಯಾಳ್ರಿ.”

ಆ ತುಣುಕನ್ನು ಮೂರು ಸಲ ಹಾಕಿ ನೋಡಿದೆ. ಮರುಕ ಹೆಚ್ಚಾದಾಗ ಬುದ್ಧಿ ಓಡುವುದಿಲ್ಲ. ನಮ್ಮ ಕಸುಬಿನಲ್ಲೊಂದು ಅಡ್ಡದಾರಿ ಇದೆ: ದುಡ್ಡು ಕೊಟ್ಟರೆ ಪೇಜಿಗೆ ಬೇಕಾದಷ್ಟು ಹಿಂಬಾಲಕರು ಸಿಗುತ್ತಾರೆ. ಬರೀ ಹೆಸರುಗಳು, ಹಿಂದೆ ಮನುಷ್ಯರಿಲ್ಲ. ಅಷ್ಟು ಜನರನ್ನು ನೋಡಿ ನಿಜವಾದ ಗಿರಾಕಿಗಳೂ ಬರಲಿ ಅಂತ ಇಪ್ಪತ್ತು ಸಾವಿರ ಹೆಸರು ಕೊಂಡು ತುಂಬಿಸಿದೆ. ಈರಣ್ಣನವರಿಗೆ ಹೇಳಲಿಲ್ಲ.

ಮರುದಿನ ಅವರು ಇಡೀ ವಾಡೆಗೆ ಪೇಢಾ ಹಂಚಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಊರಿಗೆ ಫೋನ್ ಮಾಡಿ, “ನೀಲವ್ವಾ, ಇಪ್ಪತ್ತು ಸಾವಿರ ಮಂದಿ ಬಂದು ಕುಂತಾರ, ಹಾಸು ಹೂಡು!” ಎಂದುಬಿಟ್ಟರು. ಅವಳು ಹಿಂದೆಂದೂ ಹೂಡದಷ್ಟು ಉದ್ದದ ಹಾಸು ಹೂಡಿದಳು. ಮಗ್ಗಕ್ಕೆ ಒಮ್ಮೆ ಹಾಸಿನ ನೂಲು ಏರಿಸಿದರೆ ನೇಯ್ದು ಮುಗಿಸಬೇಕು, ಇಲ್ಲವೇ ಕತ್ತರಿಸಿ ಎಸೆಯಬೇಕು.

ಸಂಜೆಯ ಲೈವಿನಲ್ಲಿ ಎಂದಿನ ನಲವತ್ತು ಚಿಲ್ಲರೆ ಹೆಂಗಸರು ಮಾತ್ರ. ಉಳಿದವರ ಸದ್ದೇ ಇಲ್ಲ. ಈರಣ್ಣನವರು ಕೈಮುಗಿದು ನಿಂತರು. “ಇಪ್ಪತ್ತು ಸಾವಿರ ಮಂದಿ ಬಂದೀರಿ, ಒಬ್ರೂ ಮಾತಾಡವೊಲ್ರಿ. ನನ್ನ ಕಡಿಂದ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೊಳ್ರಿ.” ಮರುದಿನವೂ ಅದೇ, ಮೂರನೇ ದಿನವೂ ಅದೇ. ಯಾರಿಗೆ ಏನು ಬೇಸರವಾಯಿತೋ ಅಂತ ರಾತ್ರಿ ಊಟ ಬಿಟ್ಟರಂತೆ. ನಾಲ್ಕನೇ ದಿನ ನನಗೆ ತಡೆಯಲಾಗಲಿಲ್ಲ. ಆಫೀಸಿಗೆ ರಜೆ ಹಾಕಿ ಹೋಗಿ ಎಲ್ಲವನ್ನೂ ಒದರಿಬಿಟ್ಟೆ, ಸ್ವೀಟಿಯನ್ನೂ ಸೇರಿಸಿ.

ಅವರು ಮೊಬೈಲನ್ನು ಎತ್ತಿ, ತಿರುಗಿಸಿ, ಅದರ ಹಿಂಬದಿಯನ್ನು ನೋಡಿದರು.

“ಅಂದ್ರ ಆ ಮಂದಿ ಇಲ್ಲೇ ಇಲ್ಲ?”

“ಇಲ್ಲ.”

“ಮೂರ ದಿನಾ ನಾ ಗ್ವಾಡಿಗೆ ಕೈ ಮುಗದೆನೇನ್ರಿ!” ಎಂದವರು ನಗಲು ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ. “ನೀಲವ್ವ ಹಾಸು ಹೂಡ್ಯಾಳಲ್ರಿ ಅಕ್ಕಾರ. ಅಕಿಗೇನ್ ಹೇಳ್ಲಿ?”

ನಾನು ಅತ್ತೆ. ನಾಚಿಕೆ ಬಿಟ್ಟು ಅತ್ತೆ. ಅವರು ಬೈದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತು, ಬೈಯಲಿಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಆ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. “ನೀವು ಸುಳ್ಳ ಹೆಸರು ತಂದ್ರಿ. ಖರೆ ಹೆಸರು ಇಲ್ಲಿ ಅದಾವು. ಹಚ್ರಿ ಫೋನು.”

ನಲವತ್ತಾರು ಹೆಸರು. ಎರಡು ದಿನ ನಾನು ನಂಬರ್ ಒತ್ತಿದೆ, ಅವರು ಮಾತಾಡಿದರು. ಸುಜಾತಾತಾಈಗೆ ಮಗಳ ಬಾಣಂತನ ವಿಚಾರಿಸಿದರು, ಇನ್ನೊಬ್ಬರಿಗೆ ಅತ್ತೆಯ ಮೊಣಕಾಲಿಗೆ ಎಣ್ಣೆ ಹೇಳಿಕೊಟ್ಟರು. ಮಾತಿನ ಕೊನೆಗೆ ಮುಚ್ಚುಮರೆಯಿಲ್ಲದೆ ಒಂದೇ ವಾಕ್ಯ: “ತಂಗಿ ಹಾಸು ಹೂಡ್ಯಾಳ, ನನ್ನ ಲೆಕ್ಕ ತಪ್ಪೇದ.” ನನ್ನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಗೌರಿ ಹಬ್ಬ ಹತ್ತಿರವಿತ್ತು. ಉಡಿ ತುಂಬಲು ಎಲ್ಲರಿಗೂ ಖಣ ಬೇಕು. ಒಬ್ಬರು ತಮ್ಮ ಭಜನಾ ಮಂಡಳಿಗೆಲ್ಲ ಹೇಳಿಟ್ಟರು, ಇನ್ನೊಬ್ಬರು ಬೀಗರ ಮನೆಗೂ ಸೇರಿಸಿ ಹೇಳಿದರು. ಹಾಸು ಅರ್ಧ ನೇಯುವಷ್ಟರಲ್ಲಿ ಅದರ ಅಷ್ಟೂ ಬಟ್ಟೆಗೆ ಗಿರಾಕಿ ಸಿಕ್ಕಿದ್ದರು. ನೀಲವ್ವನ ಮಗ ಝೆರಾಕ್ಸ್ ಮಷಿನನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟುಕೊಂಡ.

ಆ ಪೇಜ್ ಅಳಿಸಿ, ನಲವತ್ತಾರು ಜನರ ಹೊಸದೊಂದು ಮಾಡಿಕೊಟ್ಟೆ. ಇನ್ನಷ್ಟು ಜನರನ್ನು ಸೇರಿಸೋಣವೇ ಎಂದರೆ, “ಸಾಕ್ರಿ, ಇಷ್ಟ ಮಂದಿ ಕುಂದ್ರಾಕ ನನ್ನ ಅಂಗಡ್ಯಾಗ ಜಾಗಿಲ್ಲ” ಅನ್ನುವರು. ನನ್ನ ವಿದ್ಯೆಯನ್ನೆಲ್ಲ ಅವರು ಹೀಗೆ ಒಂದು ಮಾತಿನಲ್ಲಿ ಮಡಚಿ ಕಪಾಟಿನಲ್ಲಿಟ್ಟರು.

ಹೋದ ಚಳಿಗಾಲದಲ್ಲಿ ಈರಣ್ಣನವರು ತಂಗಿಯನ್ನು ನೋಡಿಬರುತ್ತೇನೆಂದು ಊರಿಗೆ ಹೋದರು. ಮೂರು ವಾರವಾದರೂ ಲೈವ್ ಬರಲಿಲ್ಲ, ಫೋನೂ ಎತ್ತಲಿಲ್ಲ. ಒಂದು ಸಂಜೆ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸು ನಿಂತಿದ್ದಾಗ ಪೇಜಿನಲ್ಲಿ ಲೈವ್ ಶುರುವಾಯಿತು. ತೆರೆಯಲ್ಲಿ ಅವರಿಲ್ಲ. ಒಂದು ಮಗ್ಗ, ಅದರ ಮುಂದೆ ಬಿಳಿಕೂದಲಿನ ನೀಲವ್ವ. ಫೋನ್ ಹಿಡಿದಿದ್ದವನು ಅವಳ ಮಗ. ಅವಳು ತಲೆ ಎತ್ತದೆ ನೇಯುತ್ತಲೇ ಹೇಳಿದಳು: “ಅಣ್ಣ ಹ್ವಾದ. ಮಗ್ಗ ನಡದದ. ಬೇಕಾದವ್ರು ಹೇಳ್ರಿ.” ಮಗ ಅದನ್ನೇ ಹಿಂದಿಯಲ್ಲಿ ಹೇಳಿದ.

ನಾನು ಬಸ್ಸಿನಲ್ಲೇ ಬಾಯಿಗೆ ಕೈ ಒತ್ತಿಕೊಂಡೆ. ಕೆಳಗೆ ಹೆಸರುಗಳು ಒಂದೊಂದಾಗಿ ಮೂಡತೊಡಗಿದವು. ಎಲ್ಲವೂ ನನಗೆ ಗೊತ್ತಿದ್ದ ಹೆಸರುಗಳೇ. ಯಾರೂ ಖಣ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಸುಜಾತಾತಾಈ ಹಿಂದಿಯಲ್ಲಿ ಒಂದು ಸಾಲು ಬರೆದರು. ಮಗ ಅದನ್ನು ತಾಯಿಗೆ ಕನ್ನಡದಲ್ಲಿ ಓದಿ ಹೇಳಿದ: “ನೀಲವ್ವಾ, ನಿನ್ನ ಊಟ ಆತೇನು ಅಂತ ಕೇಳ್ಯಾರವ್ವ.”

ಮಗ್ಗ ನಿಂತಿತು. ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ಸಲ ಮೊಬೈಲಿನ ಕಡೆ ತಿರುಗಿ ಕೂತಳು.

“ಆಗೇದ್ರಿ ಅಕ್ಕಾರ,” ಅಂದಳು. “ನಿಮ್ಮದು ಆತೇನ್ರಿ?”