ದೊಡ್ಡಯ್ಯನವರು ಕೆಳಗಿಳಿದ ಶ್ರಾವಣ

ಮನುಷ್ಯ ಎಲ್ಲಿ, ಹೇಗೆ ಕೂತಿದ್ದಾನೆ ಎಂಬುದನ್ನು ನೋಡಿದರೆ ಅವನ ಮನಸ್ಸಿನಲ್ಲಿ ಇರುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ಇದು ಯಾವ ಶಾಸ್ತ್ರವಾಕ್ಯವೂ ಅಲ್ಲ. ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಗೆ ಚೀಲ ಹೊಲಿಯುವವನಾಗಿ ಸೇರಿ ಇವತ್ತು ಸ್ವಂತ ದಲಾಲಿ ಅಂಗಡಿ ಇಟ್ಟುಕೊಂಡಿರುವ ನನ್ನ ಅನುಭವಸಿದ್ಧ ಸಿದ್ಧಾಂತ. ಮಾಲು ಕೊಟ್ಟೇ ಹೋಗುವ ರೈತ ಗೋಡೆಗೆ ಒರಗಿ ಕೂರುತ್ತಾನೆ. ಬರೀ ಧಾರಣೆ ಕೇಳಲು ಬಂದವನು ಬೆಂಚಿನ ತುದಿಯಲ್ಲಿ, ಒಂದು ಕಾಲನ್ನು ಚಪ್ಪಲಿಯಲ್ಲೇ ಇಟ್ಟುಕೊಂಡು ಕೂರುತ್ತಾನೆ. ತಮಗೂ ಉಪಯೋಗವಾದೀತೆಂದು ಪುಕ್ಕಟೆಯಾಗಿ ಹೇಳುತ್ತೇನೆ: ಚೌಕಾಸಿಗೆ ಕೂತಾಗ ಬಾಗಿಲಿಗೆ ಬೆನ್ನು ಮಾಡಬೇಡಿ, ಎದ್ದು ಹೋಗುತ್ತೇನೆಂದು ಹೆದರಿಸುವವನಿಗೆ ಬಾಗಿಲು ಕಣ್ಣೆದುರಿಗೇ ಇರಬೇಕು. ಹೀಗೆ ಆಸನವಿದ್ಯೆಯಲ್ಲಿ ಪಾರಂಗತನೆಂದು ಬೀಗುತ್ತಿದ್ದ ನಾನು ಕೂರುವ ವಿಷಯದಲ್ಲೇ ಮುಗ್ಗರಿಸಿದ್ದು ಮೊನ್ನೆಯ ಶ್ರಾವಣದಲ್ಲಿ.

ನಮ್ಮ ಓಣಿಯಲ್ಲೊಂದು ಸಣ್ಣ ಮಠವಿದೆ. ಸಣ್ಣದೆಂದರೆ, ಗದ್ದುಗೆಯ ಕೋಣೆ, ಅದರ ಮುಂದೆ ಕಲ್ಲುಕಂಬಗಳ ಪಡಸಾಲೆ, ಪಡಸಾಲೆಯ ತುದಿಗೆ ಒಂದೇ ಮೆಟ್ಟಿಲಿನ ಕಟ್ಟೆ, ಅಷ್ಟೇ. ಶ್ರಾವಣ ಬಂತೆಂದರೆ ಪ್ರತಿ ಸಂಜೆ ಆ ಕಟ್ಟೆಯ ಮೇಲೆ ದೊಡ್ಡಯ್ಯನವರು ಪುರಾಣ ಓದಿ ಅರ್ಥ ಹೇಳುತ್ತಾರೆ, ಓಣಿ ಕೇಳುತ್ತದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಹೆಸರಿಟ್ಟವರು ಅವರು, ಲಿಂಗ ಕಟ್ಟಿದವರು ಅವರು, ಮದುವೆಗೆ ಅಕ್ಷತೆ ಹಾಕಿದವರು ಅವರು. ಅವರಿದ್ದಲ್ಲಿ ನಾವು ಅವರಿಗೆ ಬೆನ್ನು ತೋರಿಸುವುದಿಲ್ಲ. ನಮಸ್ಕಾರ ಮಾಡಿ ಹೊರಡುವಾಗಲೂ ಅವರ ಕಡೆ ಮುಖ ಇಟ್ಟುಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊಸ್ತಿಲು ದಾಟುವುದು ನಮಗೆ ಹಾಲಿನ ಜೊತೆ ಬಂದ ರೂಢಿ. ಇದನ್ನು ಯಾರೂ ಕಲಿಸುವುದಿಲ್ಲ. ಆದ್ದರಿಂದಲೇ ಯಾರಿಗೂ ನೆನಪಾಗುವುದೂ ಇಲ್ಲ.

ಶ್ರಾವಣಕ್ಕೆ ಮುಂಚೆ ದೊಡ್ಡಯ್ಯನವರ ದನಿ ಕೈಕೊಟ್ಟಿತು. ದಾವಣಗೆರೆಯ ಡಾಕ್ಟರು ಗಂಟಲೊಳಗೆ ಇಣುಕಿ, ಇನ್ನು ಗಟ್ಟಿಯಾಗಿ ಓದಿದರೆ ಇರುವ ಪಿಸುಮಾತೂ ಹೋಗುತ್ತದೆ ಎಂದರಂತೆ. ಅವರು ಓಣಿಯ ಹಿರಿಯರನ್ನು ಕರೆಸಿ, ನಡುವೆ ನೀರು ಕುಡಿಯುತ್ತ, ಹೇಳಿದ್ದಿಷ್ಟೆ: "ನನ್ನ ದನಿ ಮುಗೀತ್ರಿ. ಮಠದ ಪುರಾಣ ಮುಗೀಬಾರ್ದು. ನಾನು ಕಣ್ಣಿಂದ ನೋಡೋದ್ರಾಗ ಒಬ್ಬವನ್ನ ಕುಂದ್ರಸ್ರಿ."

ಓಣಿ ಎರಡಾಯಿತು. ಹೊಸಬರನ್ನು ತರೋಣ ಎಂದವರು ಕೆಲವರು. ಉಳಿದವರ ಮುಂದಾಳು ಕೊಟ್ರಮ್ಮ. ಮಠದ ದಾಸೋಹದ ಸೌಟು ಆಕೆಯ ಕೈಯಲ್ಲಿದೆ, ಸೌಟು ಯಾರ ಕೈಯಲ್ಲಿದೆಯೋ ಬಹುಮತವೂ ಅವರ ಕಡೆಗೇ ಇರುತ್ತದೆ. "ಅಜ್ಜಾರ ಸುಮ್ನ ಕುಂತ್ರೂ ನಮಗದು ಪುರಾಣನ. ಬ್ಯಾರೆದವ್ರು ಯಾಕ?" ಎಂದಳು. ಅಂದರೆ ಅರ್ಥ ಇಷ್ಟು: ಹೊಸಬರು ನಿಲ್ಲದಿದ್ದರೆ ಓಣಿ ದೊಡ್ಡಯ್ಯನವರನ್ನೇ ಮತ್ತೆ ಕಟ್ಟೆ ಹತ್ತಿಸುತ್ತದೆ, ಅವರು ಇಲ್ಲವೆನ್ನಲಾರದೆ ಓದುತ್ತಾರೆ, ಉಳಿದ ದನಿಯೂ ಹೋಗುತ್ತದೆ.

ಇಂಥಲ್ಲಿ ನನಗೆ ಕೈ ಕಟ್ಟಿ ಕೂರಲಾಗುವುದಿಲ್ಲ. ಯಾರೂ ಕೇಳದಿದ್ದರೂ ಹಡಗಲಿಗೆ ಹೋಗಿ ಗುರುಬಸಯ್ಯನೆಂಬ ತರುಣ ಶಾಸ್ತ್ರಿಯನ್ನು ಒಪ್ಪಿಸಿದೆ. ಪಾಠಶಾಲೆಯಲ್ಲಿ ಚೆನ್ನಾಗಿ ಓದಿಕೊಂಡವನು, ಒಳ್ಳೆಯ ಕಂಠ. ಒಂದೇ ದೋಷ, ಅಂಚೆಯವನು ಮನೆ ಬಿಟ್ಟು ಮನೆಗೆ ಹೋಗುವಂತೆ ಪದ್ಯದಿಂದ ಪದ್ಯಕ್ಕೆ ಓಡುತ್ತಾನೆ. ಬಂದು ಕೊಟ್ರಮ್ಮನ ಜೊತೆ ಮಾತುಕತೆಗೆ ಕೂತೆ. ಬಾಗಿಲು ನನ್ನ ಕಣ್ಣೆದುರಿಗೇ ಇತ್ತು! ಆಕೆಯದು ಒಂದೇ ಪಟ್ಟು: "ಅಜ್ಜಾರು ದಿನಾ ಸಂಜಿಕ ಪಡಸಾಲ್ಯಾಗ ಇರಬೇಕು. ಅವರಿಲ್ದ ಪುರಾಣ ನಾವು ಕೇಳಂಗಿಲ್ಲ." ಇಷ್ಟು ಅಗ್ಗಕ್ಕೆ ವ್ಯವಹಾರ ಕುದುರಿತಲ್ಲ ಎಂದು ಒಳಗೊಳಗೇ ಹಿಗ್ಗಿ, ಗದ್ದುಗೆಯ ಮುಂದೆ ಎಲ್ಲರಿಂದಲೂ ಮಾತು ತೆಗೆದುಕೊಂಡೆ. ದೊಡ್ಡಯ್ಯನವರೂ ತಲೆಯಾಡಿಸಿದರು.

ಮೊದಲ ಸಂಜೆ ಪಡಸಾಲೆ ತುಂಬಿತು. ದೊಡ್ಡಯ್ಯನವರು, ಹೊಸಬನ ಕಣ್ಣಿಗೆ ತಾವು ಬೀಳಬಾರದೆಂಬ ಸೌಜನ್ಯದಿಂದ, ಎಲ್ಲರಿಗಿಂತ ಹಿಂದೆ ಕೊನೆಯ ಕಂಬದ ಹತ್ತಿರ ಕೂತರು. ಗುರುಬಸಯ್ಯ ಕಟ್ಟೆ ಹತ್ತಿ ಪುರಾಣ ಬಿಚ್ಚಿದ. ಆಗ ನೋಡಿ: ಒಬ್ಬರು ಸ್ವಲ್ಪ ಸರಿದರು, ಇನ್ನೊಬ್ಬರು ಮೊಣಕಾಲು ತಿರುಗಿಸಿದರು, ಗಾಳಿಗೆ ರಾಗಿ ತೆನೆ ಹೊರಳುವ ಹಾಗೆ ಇಡೀ ಸಭೆ ನಿಧಾನವಾಗಿ ಹಿಂದಕ್ಕೆ ತಿರುಗಿಬಿಟ್ಟಿತು. ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಹಿಂದೆ ಅಜ್ಜಾರು ಕೂತಿರುವಾಗ ಅವರಿಗೆ ಬೆನ್ನು ಹೇಗೆ ಕೊಡುವುದು? ಪಾಪ, ಗುರುಬಸಯ್ಯ ಸಾಲುಸಾಲು ಬೆನ್ನುಗಳಿಗೆ ಪುರಾಣ ಓದಿದ. ಕಟ್ಟೆಯ ಬುಡದಲ್ಲಿ ಕೂತಿದ್ದ ಚಿಳ್ಳೆಪಿಳ್ಳೆಗಳು ಮಾತ್ರ ಅವನ ಕಡೆಗಿದ್ದವು, ಅವೂ ನಿದ್ದೆಯಲ್ಲಿದ್ದವು.

ಮಠಕ್ಕೆ ಮೈಕ್ ಕಟ್ಟುವ ಬುಡೇನ್‌ಸಾಬ ನನ್ನ ಕಿವಿಯ ಹತ್ತಿರ ಬಗ್ಗಿದ. "ಸಾವ್ಕಾರ್ರ, ಮೈಕ್ ಆ ಕಡಿಗೈತಿ, ಮಂದಿ ಈ ಕಡಿಗಿ ಕುಂತಾರ. ನನ್ನ ಬಾಕ್ಸ್ ತಿರುಗಿಸ್ಲ್ಯಾ, ನೀವು ಮಂದಿನ್ನ ತಿರುಗಿಸ್ತೀರ್ಯಾ?"

ಮರುದಿನ ನಾನೊಂದು ಉಪಾಯ ಹೂಡಿ ದೊಡ್ಡಯ್ಯನವರನ್ನು ಕಟ್ಟೆಯ ಮೇಲೇ, ಗುರುಬಸಯ್ಯನ ಪಕ್ಕಕ್ಕೆ ಕೂರಿಸಿದೆ. ಮುಖಗಳೇನೋ ಮುಂದಕ್ಕೆ ಬಂದವು, ಕಣ್ಣುಗಳು ಮಾತ್ರ ಒಂದು ಮೊಳ ಆಚೆಗೆ ನೆಟ್ಟವು. ದೊಡ್ಡಯ್ಯನವರು ಹುಬ್ಬು ತುರಿಸಿಕೊಂಡರೆ ಓದಿದ್ದು ತಪ್ಪಿತೆಂದು ಗುಸುಗುಸು. ಕೆಮ್ಮಿದರೆ ಅರ್ಥ ಕೆಟ್ಟಿತೆಂದು ನಿಟ್ಟುಸಿರು. ಪುರಾಣ ಮುಗಿದ ಮೇಲೆ ಗುರುಬಸಯ್ಯ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತ ನನಗೆ ಹೇಳಿದ: "ಬೈದ್ರ ತಡಕೊಂತೀನ್ರಿ, ನಕ್ರೂ ತಡಕೊಂತೀನಿ. ಮುಖಾನ ಕಾಣಂಗಿಲ್ಲಂದ್ರ ಯಾರಿಗೆ ಓದ್ಲಿ? ನಾಳಿ ಒಂದ್ ಸಂಜಿ ನೋಡ್ತೀನಿ. ಆಮ್ಯಾಲ ಹಡಗಲಿ ಬಸ್ಸು."

ಅಜ್ಜಾರೇ ಬರಬೇಡಿ ಎನ್ನೋಣವೆಂದರೆ ಗದ್ದುಗೆಯ ಮುಂದೆ ಕೊಟ್ಟ ಮಾತು ಮುರಿಯುತ್ತದೆ. ಬನ್ನಿ ಎಂದರೆ ಹುಡುಗ ಹೋಗುತ್ತಾನೆ. ನಾನು ಕಟ್ಟಿದ ಗಂಟು ನನಗೇ ಬಿಚ್ಚಲು ಬರದೆ, ಆ ದಿನ ಮಂಡಿಯಲ್ಲಿ ಯಾವ ರೈತ ಹೇಗೆ ಕೂತನೆಂದೂ ನೋಡಲಿಲ್ಲ.

ಮೂರನೆಯ ಸಂಜೆ ದೊಡ್ಡಯ್ಯನವರು ಕಟ್ಟೆ ಹತ್ತಲೊಪ್ಪದೆ ಮತ್ತೆ ಕೊನೆಯ ಕಂಬಕ್ಕೇ ಹೋದರು. ಸಭೆ ಮತ್ತೆ ತಿರುಗಿತು. ಗುರುಬಸಯ್ಯನ ಚೀಲ ಕಟ್ಟೆಯ ಮೂಲೆಯಲ್ಲಿ ಸಿದ್ಧವಾಗಿತ್ತು. ಅವನು ಓದುತ್ತಿದ್ದ, ಮೊದಲಿಗಿಂತ ವೇಗವಾಗಿ, ಮುಗಿಸಿದರೆ ಸಾಕೆಂಬಂತೆ. ನಡುವೆ ಒಂದು ಪದ್ಯದ ಅರ್ಥ ಹೇಳುತ್ತಿದ್ದವನು ತಡವರಿಸಿ ಮಾತು ನಿಲ್ಲಿಸಿಬಿಟ್ಟ. ಕೊಟ್ರಮ್ಮ ಕೈ ಜೋಡಿಸಿ, "ಅಜ್ಜಾರ, ನೀವ ಹೇಳ್ರಿ" ಎಂದಳು. "ಹೌದ್ರಿ, ನೀವ ಹೇಳ್ರಿ" ಎಂದು ನಾಲ್ಕು ದನಿಗಳು ಸೇರಿದವು.

ದೊಡ್ಡಯ್ಯನವರು ಕಂಬ ಹಿಡಿದು ಎದ್ದರು.

ಮುಗಿಯಿತು ಎಂದುಕೊಂಡೆ. ಜನ ಕಾಲು ಮುದುರಿ ದಾರಿ ಬಿಟ್ಟರು; ಅವರು ಮುಂದೆ ಹೋದಂತೆಲ್ಲ ಸಭೆಯ ಮುಖಗಳು ಅವರ ಹಿಂದೆಯೇ ತಿರುಗಿದವು. ಬುಡೇನ್‌ಸಾಬ ಮೈಕನ್ನು ಅವರ ಎತ್ತರಕ್ಕೆ ಇಳಿಸಲು ಓಡಿದ. ಗುರುಬಸಯ್ಯ ಎದ್ದು, ಕಟ್ಟೆಯಿಂದ ಇಳಿದು, ಚೀಲಕ್ಕೆ ಕೈ ಹಾಕಿ ನಿಂತ. ದೊಡ್ಡಯ್ಯನವರು ಮೆಟ್ಟಿಲ ತನಕ ಬಂದರು. ಹತ್ತಲಿಲ್ಲ. ನಿದ್ದೆ ಹೋದ ಕೂಸೊಂದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಚಿಳ್ಳೆಪಿಳ್ಳೆಗಳ ನಡುವೆ ಬರೀ ನೆಲದ ಮೇಲೆ ಕೂತು, ಕಟ್ಟೆಯ ಕಡೆ ಮುಖ ಮಾಡಿ ಕೈ ಮುಗಿದರು.

"ಅಯ್ಯನೋರ, ಮ್ಯಾಲ ಕುಂದ್ರಿ," ಎಂದರು. ಅಲ್ಲಿಯ ತನಕ ಅವನನ್ನು ತಮ್ಮಾ ಎಂದೇ ಕರೆಯುತ್ತಿದ್ದವರು. "ಆ ಪದ್ಯದ ಅರ್ಥ ನನಗ ತಿಳೀಲಿಲ್ಲ. ಇನ್ನೊಂದ್ ಸಲ ಹೇಳ್ರಿ. ಸಾವಕಾಶ ಹೇಳ್ರಿ."

ಬುಡೇನ್‌ಸಾಬ ಇಳಿಸಿದ ಮೈಕನ್ನು ಮತ್ತೆ ಮೇಲೇರಿಸಿದ. ಗುರುಬಸಯ್ಯ ಕಟ್ಟೆ ಹತ್ತಿ ಕೂತು ತಲೆ ಎತ್ತಿದಾಗ ಓಣಿಯ ಮುಖಗಳೆಲ್ಲ ಅವನ ಕಣ್ಣೆದುರಿಗಿದ್ದವು. ದೊಡ್ಡಯ್ಯನವರು ಎಲ್ಲರಿಗಿಂತ ಮುಂದೆ ಕೂತಿದ್ದರಲ್ಲ, ಅವರಿಗಾಗಲಿ ಹುಡುಗನಿಗಾಗಲಿ ಯಾರೂ ಬೆನ್ನು ತೋರಿಸುವ ಪ್ರಶ್ನೆಯೇ ಇರಲಿಲ್ಲ. ಅವರು ಬರಬೇಕೇ ಬೇಡವೇ ಎಂದು ದಿನವೆಲ್ಲ ನನ್ನೊಳಗೇ ಚೌಕಾಸಿ ಮಾಡಿದ್ದ ನನಗೆ, ಅವರು ಎಲ್ಲಿ ಕೂರಬೇಕೆಂಬುದು ಹೊಳೆದೇ ಇರಲಿಲ್ಲ. ಹೊಳೆದಿದ್ದರೂ ಹೇಳುವ ಧೈರ್ಯ ಯಾರಿಗಿತ್ತು? ಅಷ್ಟು ಕೆಳಗೆ ಕೂರಿ ಎಂದು ಅವರಿಗೆ ಅವರೇ ಹೇಳಿಕೊಳ್ಳಬೇಕಿತ್ತು. ಇದು ಪುಕ್ಕಟೆ ಕೊಡುವ ಸಲಹೆಯಲ್ಲ. ಕೊಡಲು ನನ್ನ ಹತ್ತಿರ ಇರಲೂ ಇಲ್ಲ.

ಗುರುಬಸಯ್ಯ ಅರ್ಥ ಹೇಳಿದ. ಈ ಸಲ ಓಡಲಿಲ್ಲ. ಮಂಗಳಾರತಿಯಾಯಿತು. ವಾಡಿಕೆಯಂತೆ ಮೊದಲ ನಮಸ್ಕಾರಕ್ಕೆ ಕೊಟ್ರಮ್ಮ ಸೆರಗು ಹೊದ್ದು ದೊಡ್ಡಯ್ಯನವರ ಹತ್ತಿರ ಬಂದಳು. ಅವರು ಪಾದಗಳನ್ನು ಧೋತರದೊಳಗೆ ಎಳೆದುಕೊಂಡು, ಕಣ್ಣಿನಿಂದಲೇ ಕಟ್ಟೆಯ ಕಡೆ ತೋರಿಸಿದರು. ಆಕೆ ನಿಂತಳು. ನಾವೆಲ್ಲ ಆಕೆಯ ಹಿಂದೆ ನಿಂತೆವು. ಸೌಟು ಹಿಡಿದ ಆ ಕೈ ಎತ್ತ ಹೋಗುತ್ತದೋ ಓಣಿಯೂ ಅತ್ತ ಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಆಕೆ ಮೊಣಕಾಲ ಮೇಲೆ ಕೈಯೂರಿ ಮೆಟ್ಟಿಲು ಹತ್ತಿ, ಮಗನ ವಯಸ್ಸಿನವನ ಮುಂದೆ ತಲೆ ಬಾಗಿಸಿ ಹೇಳಿದಳು: "ಅಯ್ಯಾರ, ಅರ್ಥ ಚಲೋ ಹೇಳಿದ್ರಿ. ನಾಳಿನೂ ಹಿಂಗ ನಿಧಾನ ಓದ್ರಿ, ನಮ್ಮ ವಯಸ್ಸಿನವ್ರಿಗೂ ಮುಟ್ಟಬೇಕಲ್ಲ?"

ಹೇಳಿ, ರೂಢಿಯಂತೆ ಅವನಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಮೆಟ್ಟಿಲಿಳಿದಳು. ಆಕೆಯ ಬೆನ್ನು ಪೂರ್ತಿ ದೊಡ್ಡಯ್ಯನವರ ಕಡೆಗಿತ್ತು. ಅದು ಆಕೆಗೆ ಗೊತ್ತೇ ಆಗಲಿಲ್ಲ. ದೊಡ್ಡಯ್ಯನವರಿಗೆ ಗೊತ್ತಾಯಿತು. ದನಿಯಿಲ್ಲದ ಆ ಗಂಟಲಿನಲ್ಲಿ, ಭುಜ ಕುಲುಕಿಸಿಕೊಂಡು, ಅವರು ನಗುತ್ತಿದ್ದರು.