ಏಳು ಅಕ್ಷರಗಳ ಕ್ಷೇಮಸಮಾಚಾರ

ಕುರುಗೋಡಿನ ಜಂಬುನಾಥ ಮಾಸ್ತರರೂ ನಾನೂ ಒಂದೇ ಹೈಸ್ಕೂಲಿನಲ್ಲಿದ್ದವರು. ಅವರು ಇಂಗ್ಲಿಷ್, ನಾನು ಕನ್ನಡ. ಇಬ್ಬರೂ ನಿವೃತ್ತರಾದ ಮೇಲೂ ಬೆಳಗಾದರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದೆವು. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಗೆದವರಲ್ಲ. ಆದರೂ ಅವರ ಮೇಲೆ ನನಗೆ ಸಿಟ್ಟಿದೆ.

ಅವರಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ. ಏಳು ಇಂಗ್ಲಿಷ್ ಅಕ್ಷರ ಕೊಡುವುದು, ಅವುಗಳಿಂದ ಯಾವ ಯಾವ ಪದ ಹುಟ್ಟುತ್ತವೆಂದು ಹುಡುಕಿಸುವುದು. ಮೂರಕ್ಷರದ ಪದ ನಡೆಯುವುದಿಲ್ಲ, ಕನಿಷ್ಠ ನಾಲ್ಕಿರಬೇಕು. ಚಿಕ್ಕಂದಿನಲ್ಲಿ ಮನೆಯ ಕಟ್ಟೆಯ ಮೇಲೆ ಇದ್ದಿಲಿನಿಂದ ಬರೆದು ತಂಗಿ ನಾಗಲಕ್ಷ್ಮಿಗೆ ಕಲಿಸಿದ ಆಟ ಇದು. ಎಸ್ಸೆಸ್ಸೆಲ್ಸಿ ಮುಗಿಸಿದ ತಂಗಿಯನ್ನು ಸಿರುಗುಪ್ಪದ ಕಡೆ ದೇಶನೂರಿಗೆ, ಎರ್ರಣ್ಣನೆಂಬ ಭತ್ತದ ಗದ್ದೆಯವನಿಗೆ ಕೊಟ್ಟರು. ಮೊಬೈಲು ಬಂದ ಮೇಲೆ ಕಟ್ಟೆಯ ಆಟ ವಾಟ್ಸಾಪಿಗೆ ಏರಿತು. ಬೆಳಿಗ್ಗೆ ಅಣ್ಣನಿಂದ ಅಕ್ಷರ ಹೋಗಬೇಕು, ನಾವು ಚಹಾ ಕುಡಿದು ಏಳುವುದರೊಳಗೆ ತಂಗಿಯಿಂದ ಪದ ಬರಬೇಕು.

ಆಮೇಲೆ ಮನಸ್ತಾಪವಾಯಿತು. ನಾಗಲಕ್ಷ್ಮಿ ತನ್ನ ಮಗನಿಗೆ ಅಣ್ಣನ ಮಗಳನ್ನು ಕೇಳಿದಳು. ನಮ್ಮ ಕಡೆ ಸೋದರಿಕೆಯಲ್ಲಿ ಹೆಣ್ಣು ಕೇಳುವುದು ಹೊಸದಲ್ಲ. ಮಾಸ್ತರರು ರಕ್ತಸಂಬಂಧ ಬೇಡ ಎಂದರು. ಹೇಳಿದ್ದು ಸರಿಯೇ, ಹೇಳಿದ ರೀತಿ ಸರಿಯಿರಲಿಲ್ಲ. ಹತ್ತು ಜನರ ಮುಂದೆ, ಪಾಠ ಬಾರದ ಹುಡುಗಿಗೆ ಹೇಳಿದ ಹಾಗೆ ಹೇಳಿದರು. ಅವಳು ಎದ್ದು ನಿಂತು, "ನೀನಾಗಿ ಬಂದು ಮಾತಾಡ್ಸೂತನಕ ನಿನ್ನ ಹೊಸ್ತಿಲ ತುಳಿಯಂಗಿಲ್ಲಣ್ಣ" ಎಂದು ಹೊರಟುಹೋದಳು.

ಆರು ವರ್ಷ ಮಾತಿಲ್ಲ. ಮಾಸ್ತರರ ಹೆಂಡತಿ ತೀರಿಕೊಂಡಾಗ ಬಂದಳು, ಮಣ್ಣು ಹಾಕಿದಳು, ಬಾಗಿಲಾಚೆ ನಿಂತು ಹಾಗೇ ಹೋದಳು. ಆದರೆ ಆಟ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಅಕ್ಷರ ಹೋಗುತ್ತಿತ್ತು, ಪದ ಬರುತ್ತಿತ್ತು.

"ಒಂದು ಫೋನ್ ಮಾಡ್ರಿ ಸರ್, ನಿಮ್ಮ ಗಂಟೇನು ಹೋಗ್ತೈತಿ?" ಎಂದು ನಾನು ಎಷ್ಟೋ ಸಲ ಹೇಳಿದೆ.

"ಯಾಕ್ರೀ? ದಿನಾ ಉತ್ತರ ಬರ್ತೈತಲ್ಲ, ಆರಾಮ್ ಅದಾಳಂತಲೇ ಅರ್ಥ" ಎನ್ನುತ್ತಿದ್ದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಾನೆಂದರೆ, ನಿಮ್ಮ ಕನ್ನಡದವರಿಗೆ ಗಾದೆಯೊಂದು ಸಿಕ್ಕರೆ ಸಾಕು ಎಂದು ನಕ್ಕುಬಿಡುತ್ತಿದ್ದರು.

ಹೋದ ವರ್ಷ ಶ್ರಾವಣದ ಹೊತ್ತಿಗೆ ತಂಗಿಯ ಪದಗಳು ಸಣ್ಣವಾದವು. ಪ್ಲಾಂಟ್, ಪೇಂಟ್ ಎಂದೆಲ್ಲ ಕಳಿಸುತ್ತಿದ್ದವಳು ಪಿನ್, ಟಿನ್ ಎನ್ನತೊಡಗಿದಳು. ಮಾಸ್ತರರಿಗೆ ರೇಗಿತು. "ಮೂರಕ್ಷರದ್ದು ನಡೆಯಂಗಿಲ್ಲ. ಮೈಗಳ್ಳಿ ಆಗೀ" ಎಂದು ನನ್ನೆದುರಿಗೇ ಟೈಪ್ ಮಾಡಿದರು. ಆರು ವರ್ಷದಲ್ಲಿ ಅವರು ತಂಗಿಗೆ ಅಕ್ಷರ ಬಿಟ್ಟು ಬರೆದದ್ದು ಅದೊಂದೇ. ಮರುದಿನದಿಂದ ಬೇಕೆಂದೇ ಕ್ಯೂ, ಝಡ್ ತುರುಕಿ ಕಳಿಸಿದರು.

ನಮಗೆ ಆಮೇಲೆ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗ ನಾಗಲಕ್ಷ್ಮಿ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಒಂದು ಕೈಗೆ ಸೂಜಿ ಚುಚ್ಚಿದ್ದರು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿದ ಪದಗಳು ಅವು. ಗಂಡ ಎರ್ರಣ್ಣ ಕುರುಗೋಡಿಗೆ ಸುದ್ದಿ ಮುಟ್ಟಿಸುತ್ತೇನೆಂದರೆ ಆಣೆ ಹಾಕಿಸಿಕೊಂಡಿದ್ದಳು: "ಅಣ್ಣ ತಾನಾಗಿ ಕೇಳಿದ್ರ ಹೇಳ್ರಿ. ಇಲ್ಲಾಂದ್ರ ಬ್ಯಾಡ." ಕೈ ಎತ್ತಲಾಗದಂತಾದಾಗ ಸೊಸೆ ರೇಣುಕಾಳಿಗೆ ಫೋನ್ ಕೊಟ್ಟು, ಆಟ ನಿಲ್ಲಿಸಬೇಡ, ನಿಂತರೆ ಅಣ್ಣ ಹೆದರಿ ಓಡಿ ಬರುತ್ತಾನೆ, ನನಗೆ ಹಾಗೆ ಬರುವುದು ಬೇಡ ಎಂದಳು. ಹಟಕ್ಕೆ ಅಣ್ಣನಿಗೆ ತಕ್ಕ ತಂಗಿ. ರೇಣುಕಾಳಿಗೆ ಈ ಆಟವೆಲ್ಲ ಎಲ್ಲಿಂದ ಬರಬೇಕು? ಅಕ್ಷರ ಹಾಕಿದರೆ ಪದ ಹುಡುಕಿಕೊಡುವ ವೆಬ್‌ಸೈಟೊಂದನ್ನು ನೋಡಿಟ್ಟುಕೊಂಡಳು. ಅದು ಕೊಟ್ಟದ್ದನ್ನೇ ಕಳಿಸಿದಳು.

ಇತ್ತ ಮಾಸ್ತರರ ಸಂಭ್ರಮ ಹೇಳತೀರದು. "ಕ್ವಾರ್ಟ್ಜ್ ಅಂತ ಕಳ್ಸ್ಯಾಳ ನೋಡ್ರಿ! ಬೈದ ಮ್ಯಾಲೆ ಹಾದಿಗಿ ಬಂದ್ಲು" ಎಂದು ಹೋಟೆಲಿಗೆಲ್ಲ ತೋರಿಸಿದರು. ಅದೇ ವಾರ ಕನ್ನಡಕ ಬದಲಿಸಲು ಬಳ್ಳಾರಿಗೆ ಹೋಗಿದ್ದರು. ಆ ಆಸ್ಪತ್ರೆಯ ಮುಂದಿನಿಂದಲೇ ಆಟೋದಲ್ಲಿ ಹಾದುಹೋಗಿ, ಹೊಸ ಕನ್ನಡಕ ಹಾಕಿಕೊಂಡು, ಬರುವಾಗ ಬಸ್ಸಿನಲ್ಲಿ ಕೂತು ನಾಳೆಯ ಅಕ್ಷರ ಹೊಂದಿಸಿದ್ದರು.

ಒಂದು ಬೆಳಿಗ್ಗೆ ಉತ್ತರ ಬರಲಿಲ್ಲ. "ಗದ್ದಿಗಿ ಹೋಗಿರಬೇಕು" ಎಂದರು ಮಾಸ್ತರರು. ಅಷ್ಟರಲ್ಲಿ ದೇಶನೂರಿನ ಅಮರೇಶನೆಂಬ ಹುಡುಗ ಹೋಟೆಲಿನ ಮುಂದೆ ಬೈಕು ನಿಲ್ಲಿಸಿದ. ಸಾವಿನ ಸುದ್ದಿಯನ್ನು ನಮ್ಮಲ್ಲಿ ಆಳು ಕಳಿಸಿಯೇ ಹೇಳಬೇಕು. ಹೇಳಲು ಬಂದವನು ಒಳಗೆ ಕಾಲಿಡುವುದಿಲ್ಲ, ನೀರೂ ಮುಟ್ಟುವುದಿಲ್ಲ. ನಾನು ಒಳಗೆ ಕರೆದರೂ ಅವನು ರಸ್ತೆಯಲ್ಲೇ ನಿಂತದ್ದನ್ನು ಕಂಡು ನನಗೆ ತಿಳಿದುಹೋಯಿತು.

"ನಾಗಲಕ್ಷ್ಮಕ್ಕ ತೀರ್ಕೊಂಡ್ರು ಸರ್. ತವರಿನ ಸೀರಿ ತಗೊಂಡ್ ಬರಬೇಕಂತ."

"ಯಾವ ನಾಗಲಕ್ಷ್ಮಿ? ನಮ್ಮಾಕಿ ನಿನ್ನಿನೂ ಉತ್ತರ ಕೊಟ್ಟಾಳಲ್ಲೋ" ಎಂದು ಮಾಸ್ತರರು ಫೋನ್ ತೆಗೆದು ಅವನ ಮುಖಕ್ಕೆ ಹಿಡಿದರು. ಅಮರೇಶ ಅದನ್ನು ನೋಡಲಿಲ್ಲ.

ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವ ಹಾಗಿಲ್ಲ. ಕುರುಗೋಡಿನಲ್ಲೇ ಅಂಗಡಿ ತೆರೆಸಿ ಹಸಿರು ಸೀರೆಯೊಂದನ್ನು ನಾನೇ ಆರಿಸಿದೆ. ತಂಗಿಗೆ ಯಾವ ಅಂಚು ಇಷ್ಟವೆಂದು ಕೇಳಿದರೆ ಮಾಸ್ತರರಿಗೆ ಗೊತ್ತಿರಲಿಲ್ಲ.

ದೇಶನೂರಿನಲ್ಲಿ ಎಲ್ಲರೂ ಆ ಸೀರೆಗಾಗಿಯೇ ಕಾಯುತ್ತಿದ್ದರು. ಎರ್ರಣ್ಣ ಗೋಡೆಗೊರಗಿ ಕೂತಿದ್ದ. ರೇಣುಕಾ ಎದ್ದು ಬಂದು, ಆಸ್ಪತ್ರೆಯ ವಿಷಯ, ಆಣೆಯ ವಿಷಯ, ಫೋನಿನ ವಿಷಯ ಎಲ್ಲವನ್ನೂ ಹೇಳಿದಳು. ಮಾಸ್ತರರು ಸೀರೆಯನ್ನು ಎದೆಗವಚಿಕೊಂಡೇ ನಿಂತಿದ್ದರು.

"ನನಗ ಯಾಕ ಹೇಳಲಿಲ್ಲವ್ವಾ? ನಾನು ದಿನಾ ಕೇಳ್ತಿದ್ದೆನಲ್ಲ."

"ನೀವು ಪದ ಕೇಳಿದ್ರಿ ಮಾವಾ" ಎಂದಳು ರೇಣುಕಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೆಂಗದಿ ಅಂತ ಒಂದ್ ಸಲ ಕೇಳಿದ್ರ ಸಾಕಿತ್ತು. ದಿನಾ ನಿಮ್ಮ ಮೆಸೇಜ್ ಬಂದ ಕೂಡ್ಲೇ ಅತ್ತಿ, ಅಕ್ಷರ ಬಿಟ್ಟು ಬ್ಯಾರೆ ಏನರ ಬರದಾನೇನು ನೋಡವ್ವಾ ಅಂತಿದ್ರು. ನಾನು ನೋಡಿ ಇಲ್ಲ ಅಂತಿದ್ದೆ."

ಹೆಂಗಸರು ಸೀರೆ ಇಸಿದುಕೊಂಡು ಹೊದಿಸಿದರು. ಮಾಸ್ತರರು ತಂಗಿಯ ತಲೆಯ ಬಳಿ ಕೂತರು. ಹಣೆಯ ಮೇಲಿನ ಕುಂಕುಮ ಕೆಡದ ಹಾಗೆ ಕೂದಲು ಸರಿಸಿ, ಇಡೀ ಅಂಗಳಕ್ಕೆ ಕೇಳುವಂತೆ, "ಹೆಂಗದಿಯವ್ವಾ ನಾಗೂ?" ಎಂದು ಕೇಳಿದರು. ಕೇಳಿ, ಸುಮ್ಮನೆ ಅವಳ ಮುಖವನ್ನೇ ನೋಡುತ್ತ ಕಾದರು. ಹೆಣ ಎತ್ತುವ ಹೊತ್ತಾಗಿತ್ತು. ಯಾರಿಗೂ ಅವರನ್ನು ಏಳಿ ಎನ್ನುವ ಧೈರ್ಯ ಬರಲಿಲ್ಲ, ಕೊನೆಗೆ ಎರ್ರಣ್ಣನೇ ಬಂದು ರಟ್ಟೆ ಹಿಡಿದು ಎಬ್ಬಿಸಿದ.